ಹಚ್ಚಿದ ಮುಲಾಮಿನಿಂದಲೇ ಹುಣ್ಣು: ಆರೋಗ್ಯ ಸಚಿವರಿಗೂ ಔಷಧ ನಿಯಂತ್ರಣಾಧಿಕಾರಿಗಳಿಗೂ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ, ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳೇ,

ನಾನು ಒಂದು ಜಿಲ್ಲಾ ಕೇಂದ್ರದಲ್ಲಿ ಚರ್ಮರೋಗಗಳಿಗೆ ಚಿಕಿತ್ಸೆ ನೀಡುವ ವೈದ್ಯೆ. ನೋವು, ಉರಿ, ತುರಿಕೆ ಅಡಗಲೆಂದು ಜನ ಔಷಧ ಅಂಗಡಿಯಿಂದ ತಂದು ಹಚ್ಚಿಕೊಳ್ಳುವ ಅರಿವಳಿಕೆ ಮುಲಾಮುಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಅವು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಒಗ್ಗದ ಔಷಧ ಯಾವುದೆಂದು ಹಚ್ಚಿಕೊಂಡವರಿಗೂ ಗೊತ್ತಾಗುವುದಿಲ್ಲ, ಕೊಟ್ಟ ಅಂಗಡಿಯವರಿಗೂ ಗೊತ್ತಾಗುವುದಿಲ್ಲ, ಎಷ್ಟೋ ಸಲ ನೋಡಿದ ವೈದ್ಯರಿಗೂ ಗೊತ್ತಾಗುವುದಿಲ್ಲ. ಹೀಗಾಗಿ ಅದನ್ನೇ ತಿಂಗಳುಗಟ್ಟಲೆ ಹಚ್ಚುತ್ತಾ ಹೋಗುತ್ತಾರೆ. ಇದನ್ನು ತಪ್ಪಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದ ಹಣವೂ ಹೆಚ್ಚಿಲ್ಲ.

ಒಬ್ಬ ಬಸ್ ಚಾಲಕರ ವಿಷಯ ಹೇಳುತ್ತೇನೆ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಐವತ್ತರ ಆಸುಪಾಸಿನವರು. ಇಂಜಿನ್ನಿನ ಬಿಸಿ ತಾಗುವ ಸೀಟಿನಲ್ಲಿ ದಿನವಿಡೀ ಕೂರುವ ಕೆಲಸ, ಹೊತ್ತುಹೊತ್ತಿಗೆ ಊಟವಿಲ್ಲ, ನೀರು ಕುಡಿದರೆ ನಡುದಾರಿಯಲ್ಲಿ ಬಸ್ ನಿಲ್ಲಿಸಬೇಕಾದೀತೆಂದು ನೀರೂ ಕಡಿಮೆ. ಮೂಲವ್ಯಾಧಿ ಶುರುವಾಯಿತು. ಆ ಜಾಗದ ಕಾಯಿಲೆಯನ್ನು ಹೆಂಡತಿಗೆ ಹೇಳಲೂ ಅವರಿಗೆ ಸಂಕೋಚ. ನಿಲ್ದಾಣದ ಬಳಿಯ ಔಷಧ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ಪೈಲ್ಸ್‌ಗೆ ಹಚ್ಚುವುದೇನಾದರೂ ಕೊಡಿ ಎಂದು ಮೆಲ್ಲನೆ ಕೇಳಿ ತಂದರು. ಮೊದಲ ವಾರ ಹಾಯೆನಿಸಿತು. ಕೆಲವು ವಾರ ಕಳೆಯುವಷ್ಟರಲ್ಲಿ ತುರಿಕೆ ಶುರುವಾಯಿತು. ಮೂಲವ್ಯಾಧಿಯೇ ಹೆಚ್ಚಾಯಿತೆಂದುಕೊಂಡು ದಿನಕ್ಕೆ ಎರಡು ಸಲ ಹಚ್ಚುತ್ತಿದ್ದುದನ್ನು ನಾಲ್ಕು ಸಲಕ್ಕೆ ಏರಿಸಿದರು. ಚರ್ಮ ಕೆಂಪಾಗಿ, ನೀರೊಸರಿ, ಕಜ್ಜಿಯಂತಾಗಿ ಪೃಷ್ಠದ ಎರಡೂ ಬದಿಗೆ ಹಬ್ಬಿತು. ಆಮೇಲೆ ಹುಳುಕಡ್ಡಿಯಿರಬಹುದೆಂದು ಯಾರೋ ಕೊಟ್ಟ ಇನ್ನೊಂದು ಮುಲಾಮು, ಅದೂ ಆಗದೆ ಬೇರೆ ಹೆಸರಿನ ಮತ್ತೊಂದು ಪೈಲ್ಸ್ ಮುಲಾಮು. ನನ್ನ ಬಳಿ ಬರುವ ಹೊತ್ತಿಗೆ ಅವರಿಗೆ ಸೀಟಿನಲ್ಲಿ ಕೂರಲು ಆಗುತ್ತಿರಲಿಲ್ಲ. ಸಂಬಳವಿಲ್ಲದ ರಜೆಯಲ್ಲಿದ್ದರು. ಶಸ್ತ್ರಚಿಕಿತ್ಸೆಗೆಂದು ಸಾಲ ಕೇಳಿದ್ದರು.

ಹಚ್ಚಿದ್ದನ್ನೆಲ್ಲ ತನ್ನಿ ಎಂದು ಹೇಳಿ ಕಳಿಸಿದೆ. ಪ್ಲಾಸ್ಟಿಕ್ ಚೀಲದಲ್ಲಿ ಹಿಂಡಿ ಸುರುಳಿಯಾಗಿದ್ದ ನಾಲ್ಕು ಟ್ಯೂಬುಗಳನ್ನು ತಂದರು. ಒಂದೊಂದನ್ನೇ ಬಿಡಿಸಿ, ಭೂತಗನ್ನಡಿ ಹಿಡಿದು ಓದಿದೆವು. ಬೇರೆ ಬೇರೆ ಕಂಪನಿ, ಬೇರೆ ಬೇರೆ ಹೆಸರು. ಆದರೆ ಎರಡರೊಳಗೆ ಸಿಂಕೋಕೇನ್ ಎಂಬ ಅರಿವಳಿಕೆ ಔಷಧವಿತ್ತು. ಒಂದೊಂದು ಔಷಧವನ್ನೂ ಸ್ವಲ್ಪಸ್ವಲ್ಪ ಬೆನ್ನಿನ ಮೇಲೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಮಾಡಿದಾಗ ಸಿಂಕೋಕೇನ್ ಇಟ್ಟ ಜಾಗ ಕೆಂಪಗೆ ಉಬ್ಬಿ, ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ನೀರ್ಗುಳ್ಳೆಗಳು ಎದ್ದವು. ಪಕ್ಕದಲ್ಲಿ ಲಿಗ್ನೋಕೇನ್ ಎಂಬ ಇನ್ನೊಂದು ಅರಿವಳಿಕೆ ಔಷಧ ಇಟ್ಟ ಜಾಗದಲ್ಲಿ ಏನೂ ಆಗಿರಲಿಲ್ಲ. ಟ್ಯೂಬುಗಳನ್ನೆಲ್ಲ ನಿಲ್ಲಿಸಿ ಸ್ವಲ್ಪ ದಿನದ ಸರಳ ಚಿಕಿತ್ಸೆ ಕೊಟ್ಟೆ. ಚರ್ಮ ವಾಸಿಯಾಯಿತು. ಒಳಗಿದ್ದ ಮೂಲವ್ಯಾಧಿ ಆರಂಭದ ಹಂತದ್ದು. ಸೊಪ್ಪು, ನಾರಿನ ಆಹಾರ, ಸಾಕಷ್ಟು ನೀರು, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಇಷ್ಟಕ್ಕೇ ಹತೋಟಿಗೆ ಬಂತು.

ಇಂಥವರು ನನ್ನ ಹೊರರೋಗಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ. ಕಿವಿ ಸೋರುವಿಕೆಗೆ ಹನಿ ಹಾಕಿಕೊಂಡು ಕಿವಿಯ ಹಾಲೆಯವರೆಗೂ ಇಸುಬು ಎದ್ದವರು ಬರುತ್ತಾರೆ. ನಮ್ಮಲ್ಲಿ ಮಾರಾಟವಾಗುವ ಹಲವು ಕಿವಿ ಹನಿಗಳಲ್ಲಿ ಶಿಲೀಂಧ್ರದ ಔಷಧ, ಆ್ಯಂಟಿಬಯಾಟಿಕ್, ಸ್ಟೀರಾಯ್ಡ್‌ಗಳ ಜೊತೆ ಲಿಗ್ನೋಕೇನ್ ಕೂಡ ಇರುತ್ತದೆ. ಬಾಯಿಹುಣ್ಣಿನ ಜೆಲ್, ಸುಟ್ಟ ಗಾಯದ ಮುಲಾಮು, ಉಳುಕಿಗೆ ಸಿಂಪಡಿಸುವ ಸ್ಪ್ರೇ, ಕೆಲವು ಬಗೆಯ ಕಾಂಡೋಮ್‌ಗಳು, ಗಂಟಲಿನ ಚೀಪುಗುಳಿಗೆಗಳು, ಹೀಗೆ ಅರಿವಳಿಕೆ ಔಷಧ ನಾವು ಊಹಿಸದ ಕಡೆಗಳಲ್ಲೆಲ್ಲ ಇದೆ. ಕಾಲಿನ ರಕ್ತನಾಳಗಳು ಉಬ್ಬಿ ಪಾದದ ಗಂಟಿನ ಬಳಿ ವರ್ಷಗಟ್ಟಲೆ ಮಾಯದ ಹುಣ್ಣಿರುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಕೆಟ್ಟ ಚರ್ಮದ ಮೇಲೆ ಬಗೆಬಗೆಯ ಮುಲಾಮು ಹಚ್ಚಿ ಬಟ್ಟೆ ಕಟ್ಟುವುದರಿಂದ ಅಲರ್ಜಿ ಹುಟ್ಟುವ ಸಂಭವ ಅಲ್ಲಿ ಹೆಚ್ಚು. ಗುದದ ಸುತ್ತಲಿನ ಚರ್ಮವೂ ಹಾಗೆಯೇ. ತೇವ, ಬಿಸಿ, ಒತ್ತಡ, ಬಿರುಕು ಎಲ್ಲವೂ ಸೇರಿ ಔಷಧ ಒಳಕ್ಕಿಳಿಯುತ್ತದೆ.

ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಎಲ್ಲ ಗೊಂದಲದ ಬೇರು ಅಲ್ಲಿದೆ. ಅರಿವಳಿಕೆ ಔಷಧದ ಅಣು ಚಿಕ್ಕದು. ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕಾವಲು ಕೋಶಗಳು ಅದನ್ನು ದುಗ್ಧಗ್ರಂಥಿಗೆ ಒಯ್ದು ತೋರಿಸುತ್ತವೆ. ಅಲ್ಲಿ ಟಿ ಕೋಶಗಳೆಂಬ ಬಿಳಿರಕ್ತಕಣಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳಲು ಸಾಮಾನ್ಯವಾಗಿ ಹತ್ತು ದಿನಗಳಿಂದ ಎರಡು ವಾರ ಬೇಕು. ಆವರೆಗೆ ಮೇಲೆ ಏನೂ ಕಾಣಿಸುವುದಿಲ್ಲ. ಒಮ್ಮೆ ಗುರುತು ಬಿದ್ದ ಮೇಲೆ ಅದು ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ಆಗಲೂ ಔಷಧ ತಾಗಿದ ಕೂಡಲೇ ಪ್ರತಿಕ್ರಿಯೆ ಬರುವುದಿಲ್ಲ. ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಬಿಟ್ಟು ಬರುತ್ತದೆ. ಜೇನುಹುಳ ಕಚ್ಚಿದಂತೆ ಆ ಕ್ಷಣವೇ ಊದಿಕೊಂಡಿದ್ದರೆ ಯಾರೂ ಎರಡನೇ ಸಲ ಹಚ್ಚುತ್ತಿರಲಿಲ್ಲ.

ಇದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ. ತುರಿಕೆಗೆ ಕಾರಣವಾದ ಔಷಧವೇ ತುರಿಕೆಯನ್ನು ಜೋಮು ಹಿಡಿಸುತ್ತದೆ. ಹಚ್ಚಿದ ಮೇಲೆ ಒಂದು ಗಂಟೆ ನೆಮ್ಮದಿ. ಹಾಗಿರುವಾಗ ಇದರಿಂದಲೇ ಕಾಯಿಲೆ ಎಂದು ಹೇಳಿದರೆ ನಂಬುವುದು ಹೇಗೆ? ಹಚ್ಚಿದಾಗ ಕಡಿಮೆಯಾಗುತ್ತದಲ್ಲ ಡಾಕ್ಟರೇ ಎಂದು ಎಲ್ಲರೂ ಕೇಳುತ್ತಾರೆ. ಅದೇ ಟ್ಯೂಬಿನಲ್ಲಿ ಹೈಡ್ರೋಕಾರ್ಟಿಸೋನ್‌ನಂಥ ಸ್ಟೀರಾಯ್ಡ್ ಸೇರಿದ್ದರಂತೂ ಅಲರ್ಜಿಯ ಕೆಂಪನ್ನು ಅದು ಅರೆಬರೆ ಅಡಗಿಸಿಡುತ್ತದೆ. ಮುಲಾಮು ನಿಲ್ಲಿಸಿದ ದಿನ ಅಡಗಿದ್ದದ್ದೆಲ್ಲ ಎದ್ದು ಬರುತ್ತದೆ. ರೋಗಿ ಹೆದರಿ ಮತ್ತೆ ಹಚ್ಚುತ್ತಾರೆ. ಫ್ರಾಮೈಸೆಟಿನ್, ನಿಯೋಮೈಸಿನ್‌ನಂಥ ಆ್ಯಂಟಿಬಯಾಟಿಕ್ ಸೇರಿದ್ದರೆ ಅವೂ ಅಲರ್ಜಿ ತರಬಲ್ಲವು. ಒಂದೇ ಟ್ಯೂಬಿನಲ್ಲಿ ನಾಲ್ಕೈದು ಔಷಧ ಬೆರೆಸಿ ಮಾರುವ ನಮ್ಮ ಪದ್ಧತಿಯಲ್ಲಿ ಯಾವುದು ಉಪಕಾರ ಮಾಡಿತು, ಯಾವುದು ಅಪಕಾರ ಮಾಡಿತು ಎಂದು ಬೇರ್ಪಡಿಸಲು ಚರ್ಮದ ತಜ್ಞರೇ ಬೇಕು. ತಾಲ್ಲೂಕು ಮಟ್ಟದಲ್ಲಿ ಅಂಥವರು ಎಷ್ಟು ಮಂದಿ ಇದ್ದಾರೆಂದು ನಿಮಗೇ ತಿಳಿದಿದೆ.

ಎಲ್ಲ ಅರಿವಳಿಕೆ ಔಷಧಗಳೂ ಒಂದೇ ಬಗೆಯವಲ್ಲ. ರಾಸಾಯನಿಕ ರಚನೆಯಲ್ಲಿ ಅವು ಮುಖ್ಯವಾಗಿ ಎರಡು ಗುಂಪು. ಬೆಂಜೋಕೇನ್, ಪ್ರೋಕೇನ್, ಟೆಟ್ರಾಕೇನ್ ಎಸ್ಟರ್ ಗುಂಪಿನವು. ಲಿಗ್ನೋಕೇನ್, ಪ್ರಿಲೋಕೇನ್, ಬುಪಿವಕೇನ್, ಸಿಂಕೋಕೇನ್ ಅಮೈಡ್ ಗುಂಪಿನವು. ಎಸ್ಟರ್ ಗುಂಪು ಚರ್ಮಕ್ಕೆ ಅಲರ್ಜಿ ತರುವುದು ಹೆಚ್ಚು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ದಂತವೈದ್ಯರು ಪ್ರೋಕೇನ್ ಬಳಸಿ ಬಳಸಿ ತಮ್ಮ ಬೆರಳುಗಳಿಗೇ ಇಸುಬು ಅಂಟಿಸಿಕೊಂಡದ್ದು ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ಲಿಗ್ನೋಕೇನ್ ತಯಾರಿಸಿದ ಮೇಲೆ ಆ ಕಷ್ಟ ಬಹಳ ಇಳಿಯಿತು. ಲಿಗ್ನೋಕೇನ್‌ಗೂ ಅಲರ್ಜಿ ಬರುತ್ತದೆ, ಆದರೆ ಅಪರೂಪ. ಅಮೈಡ್ ಗುಂಪಿನದೇ ಆದ ಸಿಂಕೋಕೇನ್ ಮಾತ್ರ ಚರ್ಮದ ವಿಷಯದಲ್ಲಿ ಹಾಗಲ್ಲ, ಅದರ ಅಲರ್ಜಿ ಪ್ರಸಿದ್ಧ.

ಇಲ್ಲಿ ನಮ್ಮ ಮನೆಮನೆಯ ಒಂದು ವಸ್ತುವಿನ ನಂಟೂ ಇದೆ: ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣ. ಅದರಲ್ಲಿರುವ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ರಾಸಾಯನಿಕವೂ ಬೆಂಜೋಕೇನ್ ಕೂಡ ರಚನೆಯಲ್ಲಿ ಹತ್ತಿರದ ಸಂಬಂಧಿಗಳು. ಹೇರ್ ಡೈ ಹಚ್ಚಿ ಹಣೆ, ಕಿವಿಯ ಅಂಚು, ಕಣ್ಣಿನ ರೆಪ್ಪೆ ಊದಿಸಿಕೊಂಡವರು ಊರಿಗೆ ಹತ್ತಾರು ಮಂದಿ ಸಿಗುತ್ತಾರೆ. ಮದುವೆ ಮನೆಯಲ್ಲಿ ಕಪ್ಪು ಮೆಹಂದಿ ಹಾಕಿಸಿಕೊಂಡು ಅದೇ ಚಿತ್ತಾರದ ಆಕಾರದಲ್ಲಿ ಗುಳ್ಳೆ ಎಬ್ಬಿಸಿಕೊಂಡ ಹೆಣ್ಣುಮಕ್ಕಳೂ ಸಿಗುತ್ತಾರೆ. ಇವರಲ್ಲಿ ಕೆಲವರಿಗೆ ಬೆಂಜೋಕೇನ್ ಮೊದಲ ಸಲ ಹಚ್ಚಿದರೂ ಕೆರಳಬಹುದು, ಏಕೆಂದರೆ ದೇಹ ಅದರ ನೆಂಟನನ್ನು ಮೊದಲೇ ಕಂಡಿದೆ. ನಿಮಗೆ ಹೇರ್ ಡೈ ಆಗುತ್ತದೆಯೇ ಎಂದು ಬಾಯಿಹುಣ್ಣಿನ ಜೆಲ್ ಕೊಡುವ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಈಗ ಒಂದು ಟ್ಯೂಬನ್ನು ಕೈಗೆತ್ತಿಕೊಳ್ಳಿ. ಔಷಧ ನಿಯಮಗಳು, 1945 ಹೇಳುವಂತೆ ಅದರ ಮೇಲೆ ಔಷಧಗಳ ಹೆಸರು ಮತ್ತು ಪ್ರಮಾಣ ಮುದ್ರಿಸಿದ್ದಾರೆ. ಆದರೆ ಬ್ರ್ಯಾಂಡ್ ಹೆಸರು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಔಷಧದ ಹೆಸರು ಇರುವೆ ಸಾಲಿನಷ್ಟು ಚಿಕ್ಕದು, ಅದೂ ಇಂಗ್ಲಿಷಿನಲ್ಲಿ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಟ್ಯೂಬಿನ ಬುಡದ ಮಡಿಕೆಯಲ್ಲಿ ಒತ್ತಿರುತ್ತವೆ. ಬುಡದಿಂದ ಸುತ್ತುತ್ತಾ ಹಿಂಡಿದಂತೆಲ್ಲ ಆ ಮಡಿಕೆ ಒಳಸೇರುತ್ತದೆ, ಅರ್ಧ ಟ್ಯೂಬ್ ಮುಗಿಯುವಷ್ಟರಲ್ಲಿ ಔಷಧದ ಹೆಸರೂ ಸುರುಳಿಯೊಳಗೆ ಹೋಗುತ್ತದೆ. ರಟ್ಟಿನ ಡಬ್ಬ, ಒಳಗಿನ ಹಾಳೆ ಅಂಗಡಿಯಲ್ಲೇ ಕಸದ ಬುಟ್ಟಿ ಸೇರಿರುತ್ತವೆ. ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಎಲ್ಲಿಯೂ ಇಲ್ಲ. ವೈದ್ಯರು ಹೇಳಿದಂತೆ ಎಂದಿರುತ್ತದೆ. ಚೀಟಿಯಿಲ್ಲದೆ ಕೊಂಡವರಿಗೆ ಯಾವ ವೈದ್ಯರು?

ಈ ಅಜ್ಞಾನದ ಇನ್ನೊಂದು ಹಾನಿ ನಡೆಯುವುದು ಚರ್ಮದ ವೈದ್ಯರ ಕೋಣೆಯಿಂದ ಹೊರಗೆ, ಹಲ್ಲಿನ ವೈದ್ಯರ ಕುರ್ಚಿಯಲ್ಲಿ. ಯಾವುದೋ ಮುಲಾಮಿನಿಂದ ಗುಳ್ಳೆ ಎದ್ದ ಒಬ್ಬ ಮಹಿಳೆಗೆ ಹಿಂದೆಂದೋ ಯಾರೋ ಹಳೆಯ ಚೀಟಿಯಲ್ಲಿ ‘ಅರಿವಳಿಕೆಗೆ ಅಲರ್ಜಿ’ ಎಂದಷ್ಟೇ ಬರೆದುಕೊಟ್ಟಿದ್ದರು. ಯಾವ ಅರಿವಳಿಕೆ, ಯಾವ ಗುಂಪು, ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಒಂದೂ ಇಲ್ಲ. ಹುಳುಕು ಹಲ್ಲಿನ ನೋವಿಗೆ ಹೋದಾಗ ಆ ಚೀಟಿ ನೋಡಿದ ದಂತವೈದ್ಯರು ಚುಚ್ಚುಮದ್ದು ಕೊಡಲು ಹೆದರಿದರು. ಅವರನ್ನು ದೂರುವಂತಿಲ್ಲ. ಇನ್ನೊಬ್ಬರೂ ಹಿಂದೆ ಸರಿದರು. ದವಡೆ ಬಾತು, ಕೀವು ತುಂಬಿ, ಬೇಯಿಸಿದ ಅನ್ನವನ್ನೂ ಕಿವುಚಿ ನುಂಗುವ ಸ್ಥಿತಿಯಲ್ಲಿ ಅವರನ್ನು ನನ್ನ ಬಳಿ ಕಳಿಸಿದರು. ಪರೀಕ್ಷಿಸಿದಾಗ ಅವರಿಗೆ ಆಗದ್ದು ಬೆಂಜೋಕೇನ್. ಲಿಗ್ನೋಕೇನ್ ನಿರಾತಂಕವಾಗಿ ಆಗುತ್ತಿತ್ತು. ಎಚ್ಚರಿಕೆಯಿಂದ ಚರ್ಮದೊಳಗಿನ ಪರೀಕ್ಷೆಯನ್ನೂ ಮಾಡಿ ಖಚಿತಪಡಿಸಿಕೊಂಡ ಮೇಲೆ ಅದೇ ಲಿಗ್ನೋಕೇನ್ ಕೊಟ್ಟು ಹಲ್ಲು ಕಿತ್ತರು.

ಚುಚ್ಚುಮದ್ದು ಕೊಟ್ಟ ಕೂಡಲೇ ಉಸಿರು ಕಟ್ಟಿಸುವ, ರಕ್ತದೊತ್ತಡ ಕುಸಿಯುವ ಅಲರ್ಜಿಯೇ ಬೇರೆ, ಚರ್ಮದ ಮೇಲೆ ತಡವಾಗಿ ಏಳುವ ಈ ಅಲರ್ಜಿಯೇ ಬೇರೆ. ಮೊದಲನೆಯದು ಈ ಔಷಧಗಳಿಗೆ ಬಹಳ ವಿರಳ. ದಂತವೈದ್ಯರ ಕುರ್ಚಿಯಲ್ಲಿ ತಲೆಸುತ್ತಿ ಬೀಳುವುದು, ಎದೆ ಹೊಡೆದುಕೊಳ್ಳುವುದು ಹೆಚ್ಚಿನಂಶ ಭಯದಿಂದ, ಇಲ್ಲವೇ ಜೊತೆಗೆ ಸೇರಿಸುವ ಅಡ್ರಿನಲಿನ್‌ನಿಂದ. ಇವೆಲ್ಲವನ್ನೂ ‘ಅಲರ್ಜಿ’ ಎಂಬ ಒಂದೇ ಮಾತಿನಲ್ಲಿ ಕಟ್ಟಿ ಚೀಟಿಗೆ ಬರೆದರೆ, ಮುಂದೆ ಹೆರಿಗೆಯ ಹೊಲಿಗೆಗೂ ಗಾಯದ ಹೊಲಿಗೆಗೂ ಆ ಮನುಷ್ಯ ನೋವು ತಿನ್ನಬೇಕು. ನಿಜವಾಗಿಯೂ ಲಿಗ್ನೋಕೇನ್ ಆಗದ ಅಪರೂಪದ ಮಂದಿಗೆ ಯಾವುದು ಆಗುತ್ತದೆಂದು ಹುಡುಕಿಕೊಡಬಹುದು. ಆದರೆ ಹೆಸರು ತಿಳಿಯದೆ ಹುಡುಕುವುದೆಲ್ಲಿ?

ಹಾಗಾಗಿ ನನ್ನ ಬೇಡಿಕೆಗಳೆಲ್ಲ ಒಂದಕ್ಕೇ ಬಂದು ಸೇರುತ್ತವೆ. ಹಚ್ಚಿಕೊಳ್ಳುವ ಮೊದಲು ಔಷಧದ ಹೆಸರು ಜನರ ಕಣ್ಣಿಗೆ ಬೀಳಬೇಕು, ಅಲರ್ಜಿ ಆದ ಮೇಲೆ ಆ ಹೆಸರು ಅವರ ಕೈಯಲ್ಲಿರಬೇಕು.

ಲೇಬಲ್ ನಿಯಮ ಕೇಂದ್ರದ್ದು ಎಂಬ ಉತ್ತರ ಬರುತ್ತದೆಂದು ಬಲ್ಲೆ. ನಿಜ. ಆದರೆ ಕೇಂದ್ರದ ಔಷಧ ತಾಂತ್ರಿಕ ಸಲಹಾ ಮಂಡಳಿಗೆ ರಾಜ್ಯ ಪ್ರಸ್ತಾವ ಕಳಿಸಬಹುದು. ಸ್ಟೀರಾಯ್ಡ್ ಮುಲಾಮುಗಳ ದುರ್ಬಳಕೆಯ ವಿರುದ್ಧ ದೇಶದ ಚರ್ಮವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಅಂಥ ಹಲವು ಮುಲಾಮುಗಳನ್ನು ಅನುಸೂಚಿ ಎಚ್‌ಗೆ ಸೇರಿಸಿ ಚೀಟಿ ಕಡ್ಡಾಯ ಮಾಡಲಾಯಿತು. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಮುದ್ರಿಸಲೇಬೇಕೆಂದಾಯಿತು. ನಿಯಮ ಬದಲಾಗುತ್ತದೆ, ಕೇಳುವವರಿದ್ದರೆ. ಅಲ್ಲಿಯವರೆಗೆ ಅಂಗಡಿಗಳಿಗೆ ಪರವಾನಗಿ ಕೊಡುವುದು, ತಪಾಸಣೆ ಮಾಡುವುದು ನಿಮ್ಮದೇ ಇಲಾಖೆ. ಪ್ರತಿ ಔಷಧ ಅಂಗಡಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ಒಂದು ಎಚ್ಚರಿಕೆ ಅಂಟಿಸಿ ಎಂದು ಕೋರಲು, ಅರಿವಳಿಕೆ ಮುಲಾಮು ಕೊಡುವಾಗ ಡಬ್ಬವನ್ನೂ ಒಳಗಿನ ಹಾಳೆಯನ್ನೂ ಜೊತೆಗೇ ಕೊಡಿ ಎಂದು ಸುತ್ತೋಲೆ ಹೊರಡಿಸಲು ದೆಹಲಿಯ ಕಡೆ ನೋಡಬೇಕಾಗಿಲ್ಲ.

ಆರೋಗ್ಯ ಸಚಿವರಲ್ಲಿ ಕೇಳುವುದು ಪ್ಯಾಚ್ ಪರೀಕ್ಷೆ. 1895ರಲ್ಲಿ ಜೋಸೆಫ್ ಯಾಡಾಸೋನ್ ಎಂಬ ವೈದ್ಯರು ತೋರಿಸಿಕೊಟ್ಟ ವಿಧಾನವಿದು, ದುಬಾರಿ ಯಂತ್ರ ಬೇಡ. ಸಣ್ಣ ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ಒಂದೊಂದು ಪದಾರ್ಥವಿಟ್ಟು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆಯುವುದು, ಆಗೊಮ್ಮೆ ನೋಡುವುದು, 72 ಅಥವಾ 96 ಗಂಟೆಗೆ ಮತ್ತೊಮ್ಮೆ ನೋಡುವುದು. ಭಾರತೀಯ ಪ್ಯಾಚ್ ಪರೀಕ್ಷೆಯ ಪ್ರಮಾಣಿತ ಸರಣಿಯಲ್ಲಿ ಬೆಂಜೋಕೇನ್ ಇದೆ. ಅದಷ್ಟನ್ನೇ ಪರೀಕ್ಷಿಸಿದರೆ ನನ್ನ ಬಸ್ ಚಾಲಕರ ಸಿಂಕೋಕೇನ್ ತಪ್ಪಿಹೋಗುತ್ತಿತ್ತು. ಆದ್ದರಿಂದ ಸಿಂಕೋಕೇನ್, ಟೆಟ್ರಾಕೇನ್, ಲಿಗ್ನೋಕೇನ್‌ಗಳೂ ಸೇರಿರಬೇಕು, ರೋಗಿ ತಂದ ಮುಲಾಮನ್ನೂ ಪರೀಕ್ಷಿಸಬೇಕು. ಎಲ್ಲ ಜಿಲ್ಲಾಸ್ಪತ್ರೆ ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಇದು ಉಚಿತವಾಗಿ ಸಿಗಲಿ. ಬೆಂಗಳೂರಿಗೆ ಹೋಗಿ ಐದು ದಿನದಲ್ಲಿ ಮೂರು ಸಲ ಆಸ್ಪತ್ರೆಗೆ ಹಾಜರಾಗಿ ಎಂದರೆ ದಿನಗೂಲಿಯವರು ಬರುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ರಾಯಚೂರು, ಕಲಬುರಗಿಯ ಜನ ಬೆನ್ನಿಗೆ ಪಟ್ಟಿ ಅಂಟಿಸಿಕೊಂಡು ಸ್ನಾನವಿಲ್ಲದೆ, ಬೆವರದೆ ಇರುವುದು ಸಾಧ್ಯವಿಲ್ಲ. ಪರೀಕ್ಷೆಯನ್ನು ಚಳಿಗಾಲಕ್ಕೆ ಹೊಂದಿಸುವಷ್ಟು ವಿವೇಚನೆ ಸ್ಥಳೀಯ ಆಸ್ಪತ್ರೆಗೆ ಮಾತ್ರ ಇರಲು ಸಾಧ್ಯ. ಇನ್ನು ಪ್ಯಾಚ್ ಸೌಲಭ್ಯವೇ ಇಲ್ಲದ ಕಡೆ, ಅನುಮಾನವಿರುವ ಮುಲಾಮನ್ನು ಮೊಣಕೈ ಬಳಿಯ ಒಳತೋಳಿನಲ್ಲಿ ಒಂದು ಸಣ್ಣ ಜಾಗಕ್ಕೆ ದಿನಕ್ಕೆರಡು ಬಾರಿ ಒಂದು ವಾರ ಹಚ್ಚಿಸಿ ನೋಡುವ ಕ್ರಮವಿದೆ. ತುರಿಕೆ ಎದ್ದ ಕೂಡಲೇ ನಿಲ್ಲಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅರ್ಧ ದಿನದ ತರಬೇತಿಯಲ್ಲಿ ಇದನ್ನು ಕಲಿಸಬಹುದು.

ಪರೀಕ್ಷೆಯ ನಂತರ ರೋಗಿಯ ಕೈಗೆ ಒಂದು ಚೀಟಿ ಕೊಡಬೇಕು. ಆಗದ ಔಷಧದ ಹೆಸರು, ಅದರ ಗುಂಪು, ಆದ ಪ್ರತಿಕ್ರಿಯೆ ತಡವಾಗಿ ಚರ್ಮದ ಮೇಲೆ ಬಂದದ್ದೋ ತಕ್ಷಣದ್ದೋ ಎಂಬುದು, ಪರೀಕ್ಷಿಸಿ ಆಗುತ್ತದೆಂದು ಕಂಡ ಔಷಧದ ಹೆಸರು, ಎಲ್ಲವೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಪಡಿತರ ಚೀಟಿಯ ಜೊತೆ ಇಟ್ಟುಕೊಳ್ಳಿ ಎಂದು ನಾನು ನನ್ನ ರೋಗಿಗಳಿಗೆ ಹೇಳುತ್ತೇನೆ. ಮನೆಯಲ್ಲಿ ಕಳೆದುಹೋಗದ ಕಾಗದ ಅದೊಂದೇ.

ವೈದ್ಯಬಂಧುಗಳಲ್ಲೂ ಒಂದು ಮಾತು. ಮುಲಾಮಿನಿಂದ ಇಸುಬು ಎದ್ದರೆ ಅದು ವರದಿ ಮಾಡುವಷ್ಟು ದೊಡ್ಡದಲ್ಲ ಎಂದು ನಾವು ಬಿಟ್ಟುಬಿಡುತ್ತೇವೆ. ಔಷಧಗಳ ಅಡ್ಡಪರಿಣಾಮ ದಾಖಲಿಸಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. 1800-180-3024 ಸಂಖ್ಯೆಗೆ ಕರೆ ಮಾಡಿ ರೋಗಿಗಳೂ ತಿಳಿಸಬಹುದು. ನಾವು ತಿಳಿಸದ ಹೊರತು ಇಲಾಖೆಯ ಕಡತದಲ್ಲಿ ಈ ಕಾಯಿಲೆ ಇರುವುದೇ ಇಲ್ಲ.

ಈ ಔಷಧಗಳನ್ನು ನಿಷೇಧಿಸಿ ಎಂದು ನಾನು ಖಂಡಿತ ಕೇಳುತ್ತಿಲ್ಲ. ಮಗುವಿನ ಕೈಗೆ ಸೂಜಿ ಚುಚ್ಚುವ ಮೊದಲು ಲಿಗ್ನೋಕೇನ್ ಮತ್ತು ಪ್ರಿಲೋಕೇನ್ ಬೆರೆತ ಕ್ರೀಮ್ ಹಚ್ಚುವುದು ದೊಡ್ಡ ಉಪಕಾರ. ಹೆಚ್ಚಿನವರಿಗೆ ಇವು ಸಲೀಸಾಗಿ ಆಗುತ್ತವೆ. ಅಲರ್ಜಿಯಲ್ಲದ ಬೇರೆ ಅಪಾಯಗಳೂ ಇವೆ, ಅವನ್ನೂ ನಿಮ್ಮ ತಪಾಸಣಾಧಿಕಾರಿಗಳು ಗಮನಿಸಲಿ. ಎರಡು ವರ್ಷದೊಳಗಿನ ಮಕ್ಕಳ ವಸಡಿಗೆ ಬೆಂಜೋಕೇನ್ ಹಚ್ಚಬಾರದೆಂದು ಅಮೆರಿಕದ ಔಷಧ ಆಡಳಿತ 2018ರಲ್ಲಿ ಎಚ್ಚರಿಸಿದೆ, ಏಕೆಂದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅದು ಕುಂದಿಸಬಲ್ಲದು. ಹಚ್ಚೆ, ಲೇಸರ್ ಕೂದಲು ತೆಗೆಯುವಿಕೆ ಮುಂತಾದವಕ್ಕೆ ಆನ್‌ಲೈನಿನಲ್ಲಿ ಮಾರುವ, ಲಿಗ್ನೋಕೇನ್ ಪ್ರಮಾಣ ಮಿತಿಮೀರಿದ ಕ್ರೀಮ್‌ಗಳ ಬಗ್ಗೆ ಅದೇ ಸಂಸ್ಥೆ 2024ರಲ್ಲಿ ಎಚ್ಚರಿಸಿ, ಚೀಟಿಯಿಲ್ಲದೆ ಕೊಳ್ಳುವವರು ಶೇ. 4ಕ್ಕಿಂತ ಹೆಚ್ಚಿನದನ್ನು ಬಳಸಬಾರದೆಂದಿತು. ನಮ್ಮ ಪಾರ್ಲರ್‌ಗಳ ಕಪಾಟಿನಲ್ಲಿ ಏನಿದೆ ಎಂದು ನೋಡಿಸಿ.

ಎಚ್ಚರಿಕೆಯ ಬರಹ ಹೇಗಿರಬೇಕೆಂದು ನೀವು ಕೇಳಬಹುದು. ನನ್ನ ರೋಗಿಗಳಿಗೆ ಓದಿಸಿ, ಅವರಿಗೆ ಅರ್ಥವಾಗದ ಮಾತುಗಳನ್ನು ತೆಗೆದು ಹೀಗೆ ಬರೆದಿದ್ದೇನೆ:

‘ಈ ಮುಲಾಮಿನಲ್ಲಿ ಜಾಗವನ್ನು ಮರಗಟ್ಟಿಸುವ ಔಷಧವಿದೆ. ಅದರ ಹೆಸರು ಡಬ್ಬದ ಮೇಲಿದೆ, ಡಬ್ಬ ಎಸೆಯಬೇಡಿ. ವೈದ್ಯರು ಹೇಳದೆ ಏಳು ದಿನಕ್ಕಿಂತ ಹೆಚ್ಚು ಹಚ್ಚಬೇಡಿ. ಹಚ್ಚುತ್ತಿರುವಾಗ ತುರಿಕೆ, ಉರಿ, ಗುಳ್ಳೆ, ನೀರೊಸರುವಿಕೆ ಹೊಸದಾಗಿ ಬಂದರೆ ಅಥವಾ ಹೆಚ್ಚಾದರೆ, ಹಚ್ಚಿದಾಗ ಸ್ವಲ್ಪ ಹೊತ್ತು ಹಾಯೆನಿಸಿದರೂ ಸಹ, ನಿಲ್ಲಿಸಿ. ಟ್ಯೂಬನ್ನು ತೆಗೆದುಕೊಂಡು ವೈದ್ಯರ ಬಳಿ ಹೋಗಿ. ಹೇರ್ ಡೈ ಆಗದವರು ಮೊದಲೇ ತಿಳಿಸಿ.’

ಇದರಲ್ಲಿ ತಿದ್ದುವುದಿದ್ದರೆ ತಿದ್ದಿ. ಎಲ್ಲ ಅಂಗಡಿಗಳಿಗೂ ಕಳಿಸಿ.

ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ಚರ್ಮರೋಗ ವೈದ್ಯೆ